ಪೆರಹ್ಯ ಮತ್ತು ಪೂವಯ್ಯ

ನಮ್ಮೂರು ನೆಲ್ಯಹುದಿಕೇರಿ. ಕೊಡಗಿನ ಸಿದ್ದಾಪುರದಿಂದ ಕಾವೇರಿ ಸೇತುವೆ ದಾಟಿದರೆ ಸಿಗುವ ಊರು. ಬೆಂಗಳೂರಿನಲ್ಲಿ ಯಾರಿಗಾದರೂ ಈ ಹೆಸರು ಬರೆದು ತೋರಿಸಿದರೆ ಒಂದು ಪ್ರಶ್ನೆ ಬಂದೇ ಬರುತ್ತದೆ: "ಯಹೂದಿ ಕೇರಿನಾ? ನಿಮ್ಮೂರಲ್ಲಿ ಯಹೂದಿಗಳಿದ್ರಾ?" ಇಲ್ಲ ಮಾರಾಯ್ರೆ. ಇದನ್ನು ನೆಲ್ಲಿಹುದಿಕೇರಿ ಅಂತಲೂ ಬರೆಯುತ್ತಾರೆ. ದಕ್ಷಿಣ ಕೊಡಗಿನಲ್ಲಿ ಹುದಿಕೇರಿ ಅಂತ ಬೇರೆಯೇ ಒಂದು ಊರಿದೆ. ಹಾಗಾಗಿ ಪದವನ್ನು ಬಿಡಿಸಬೇಕಾದ್ದು 'ನೆಲ್ಲಿ' ಆದಮೇಲೆ. ನಡುವೆ ಕಾಣುವ 'ಯಹುದಿ' ಬರೀ ಕಣ್ಣಿನ ಆಟ.

ಹಾಗಂತ ಹೀಬ್ರೂ ಭಾಷೆ ನಮ್ಮೂರಿಗೆ ಬಂದೇ ಇಲ್ಲ ಅಂತಲ್ಲ. ಬಂದಿದೆ, ಜನರ ಹೆಸರಾಗಿ. ಮಸೀದಿ, ಚರ್ಚು, ದೇವಸ್ಥಾನ ಮೂರೂ ಇರುವ ಊರು ನಮ್ಮದು. ಮಲಯಾಳಿ ಮುಸ್ಲಿಮರಲ್ಲಿ ಯೂಸುಫ್ ಇದ್ದಾರೆ, ಕೇರಳದ ಕಡೆಯ ಕ್ರೈಸ್ತರಲ್ಲಿ ಔಸೇಪ್ ಇದ್ದಾರೆ, ಶಾಲೆಯ ಹಾಜರಿ ಪುಸ್ತಕದಲ್ಲಿ ಜೋಸೆಫ್ ಇದ್ದಾನೆ, ಕನ್ನಡ ಬೈಬಲ್ಲಿನಲ್ಲಿ ಯೋಸೇಫ ಇದ್ದಾನೆ. ನಾಲ್ಕೂ ಒಂದೇ ಹೀಬ್ರೂ ಹೆಸರು. ಯಾಕೂಬ್, ಚಾಕೋ, ಜೇಕಬ್ ಮೂರೂ ಒಂದೇ. ಮೂಸಾ ಮತ್ತು ಮೋಸೆಸ್ ಒಂದೇ. ಸಕರಿಯಾ ಮತ್ತು ಸ್ಕರಿಯಾ ಒಂದೇ. ಒಂದೇ ಬಸ್ಸಲ್ಲಿ ಅಕ್ಕಪಕ್ಕ ಕೂತು ಸಿದ್ದಾಪುರ ಸಂತೆಗೆ ಹೋಗುವವರಿಗೆ ತಮ್ಮ ಹೆಸರುಗಳು ಅಣ್ಣತಮ್ಮಂದಿರು ಅಂತ ಗೊತ್ತಿರುವುದಿಲ್ಲ, ಅಷ್ಟೆ.

ಇವೆಲ್ಲ ಜನಪ್ರಿಯ ಹೆಸರುಗಳು. ಪ್ರವಾದಿಗಳ ಹೆಸರು, ರಾಜರ ಹೆಸರು. ಮೂರು ಧರ್ಮಗಳು ಹೊತ್ತುಕೊಂಡು ಬಂದಿದ್ದರಿಂದ ಜಗತ್ತೆಲ್ಲ ಹರಡಿದವು. ನಾನಿವತ್ತು ಹೇಳಲಿಕ್ಕೆ ಹೊರಟಿರುವುದು ಆ ಭಾಗ್ಯ ಇಲ್ಲದ ಒಂದು ಗಂಡು ಹೆಸರಿನ ಬಗ್ಗೆ: ಪೆರಹ್ಯ. ಮಕ್ಕಳಿಗೆ ಹೆಸರು ಹುಡುಕಿಕೊಡುವ ಆ್ಯಪ್‌ಗಳಲ್ಲಿ ಹುಡುಕಿದರೂ ಇದು ಸುಲಭಕ್ಕೆ ಸಿಗುವುದಿಲ್ಲ. ಬೈಬಲ್ಲಿನಲ್ಲಿ ಈ ಹೆಸರೇ ಇಲ್ಲ. ಆದರೆ ಒಂಬತ್ತು ಶತಮಾನದ ಹಿಂದೆ ನಮ್ಮ ಮಂಗಳೂರಿನಲ್ಲಿ ಕೂತು ವ್ಯಾಪಾರ ಮಾಡುತ್ತಿದ್ದ ಒಬ್ಬ ಮನುಷ್ಯ ಪ್ರತಿ ಸಲ ರುಜು ಹಾಕುವಾಗಲೂ ಇದು ಅವನ ಹೆಸರಿನ ಜೊತೆಗಿತ್ತು. ಯಾಕೆಂದರೆ ಅದು ಅವನ ಅಪ್ಪನ ಹೆಸರು.

ಮೊದಲು ಅರ್ಥ ನೋಡೋಣ. ಹೀಬ್ರೂವಿನಲ್ಲಿ 'ಪೆರಹ್' ಅಂದರೆ ಹೂವು. 'ಯಾಹ್' ಅಂದರೆ ದೇವರು, ಅವರು ಪೂರ್ತಿಯಾಗಿ ಉಚ್ಚರಿಸದ ದೇವರ ಹೆಸರಿನ ಚಿಕ್ಕ ರೂಪ. ಎರಡೂ ಸೇರಿದರೆ ಪೆರಹ್ಯ, ದೇವರ ಹೂವು. ಹೀಗೆ ದೇವರ ಹೆಸರನ್ನು ಬಾಲಕ್ಕೆ ಕಟ್ಟಿಕೊಂಡ ಹೆಸರುಗಳು ಹೀಬ್ರೂವಿನಲ್ಲಿ ಬೇಕಾದಷ್ಟಿವೆ. ಕನ್ನಡ ಬೈಬಲ್ಲಿನ ಯೆಶಾಯ, ಯೆರೆಮೀಯ, ನೆಹೆಮೀಯ, ಜೆಕರ್ಯ ಇವರೆಲ್ಲರ ಕೊನೆಯಲ್ಲಿರುವ 'ಯ' ಅದೇ ಯಾಹ್. ಜೆಕರ್ಯ ಅಂದರೆ ಯಾಹ್ ನೆನಪಿಟ್ಟುಕೊಂಡ ಅಂತ. ನಮ್ಮೂರಿನ ಸಕರಿಯಾನೂ ಸ್ಕರಿಯಾನೂ ಅದನ್ನೇ ಹೊತ್ತುಕೊಂಡು ಓಡಾಡುತ್ತಿದ್ದಾರೆ.

ಕೊಡಗಿನವರಿಗೆ ಇಲ್ಲಿ ಕಿವಿ ನೆಟ್ಟಗಾಗಬೇಕು. ಯಾಕೆಂದರೆ ಪೆರಹ್ಯ ಅಂದ ಕೂಡಲೇ ನನಗೆ ನೆನಪಾದದ್ದು ಪೂವಯ್ಯ. ನಮ್ಮ ಕಡೆ ಅಜ್ಜಂದಿರ ಕಾಲದಲ್ಲಿ ಊರಿಗಿಬ್ಬರು ಪೂವಯ್ಯ ಇರುತ್ತಿದ್ದರು. ಪೂ ಅಂದರೆ ಹೂವು. ಹಳಗನ್ನಡದ ಪಕಾರ ಕನ್ನಡದಲ್ಲಿ ಹಕಾರವಾಯಿತು. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಕೊಡವ ತಕ್ಕ್‌ನಲ್ಲೂ ತುಳುವಿನಲ್ಲೂ ಪ ಹಾಗೇ ಉಳಿಯಿತು. ಮಲೆನಾಡಿನಲ್ಲಿ ಇದೇ ಹೆಸರು ಹೂವಯ್ಯ. ಕುವೆಂಪು ಅವರ 'ಕಾನೂರು ಹೆಗ್ಗಡತಿ'ಯ ಹೂವಯ್ಯನನ್ನು ಯಾರು ಮರೆಯುತ್ತಾರೆ? ಪಕಾರದಿಂದ ಶುರು, ಹೂವಿನ ಅರ್ಥ, ಕೊನೆಯಲ್ಲಿ ಯ. ಪೆರಹ್ಯ, ಪೂವಯ್ಯ. ಎಷ್ಟು ಚಂದ ಕೂತಿದೆ!

ವಾಟ್ಸ್ಆ್ಯಪ್ ಗುಂಪುಗಳಲ್ಲಾದರೆ ಇಷ್ಟೇ ಸಾಕು, ಕೊಡಗಿನವರು ಇಸ್ರೇಲಿನಿಂದ ಬಂದವರು ಅಂತ ರಾತ್ರೋರಾತ್ರಿ ಒಂದು ಸಂಶೋಧನೆ ತಯಾರಾಗುತ್ತದೆ. ಆದರೆ ನಮ್ಮ 'ಅಯ್ಯ' ಬೇರೆ, ಅವರ 'ಯಾಹ್' ಬೇರೆ. ಅಯ್ಯ ಅಂದರೆ ತಂದೆ, ಒಡೆಯ, ದೊಡ್ಡವರು. ಸೋಮಯ್ಯ, ಬೊಮ್ಮಯ್ಯ, ಪೊನ್ನಯ್ಯ ಎಲ್ಲರಲ್ಲೂ ಇರುವ ಗೌರವದ ಮಾತು ಅದು. ಎರಡು ಭಾಷೆಯ ಎರಡು ಶಬ್ದ ಕಿವಿಗೆ ಒಂದೇ ಥರ ಕೇಳುವುದು ನಮ್ಮೂರಿನ ಹೆಸರಲ್ಲಿ ಯಹೂದಿ ಕಾಣುವ ಹಾಗೆ. ಆದರೆ ಅರ್ಥ ಹೊಂದಿಕೊಂಡಿರುವುದನ್ನು ನಾನು ಕಣ್ಣಿನ ಆಟ ಅನ್ನುವುದಿಲ್ಲ. ಮಗುವನ್ನು ಕೈಗೆತ್ತಿಕೊಂಡಾಗ ಹೂವು ಅನ್ನಿಸುವುದಕ್ಕೆ ಯಾರೂ ಯಾರಿಂದಲೂ ಕಲಿಯಬೇಕಾಗಿಲ್ಲ. ಜೆರುಸಲೇಮಿನ ತಾಯಿಗೂ ಅನ್ನಿಸಿತು, ಕೊಡಗಿನ ತಾಯಿಗೂ ಅನ್ನಿಸಿತು.

ಇನ್ನು ಹುಟ್ಟಿನ ಕಥೆ. ಈ ಹೆಸರು ಹೊತ್ತವರಲ್ಲಿ ಹೆಸರಾದವನು ಪೆರಹ್ಯ ಅಲ್ಲ, ಪೆರಹ್ಯನ ಮಗ. ಯೆಹೋಶುವ ಬೆನ್ ಪೆರಹ್ಯ ಅಂತ. 'ಬೆನ್' ಅಂದರೆ ಮಗ. ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ ಯಹೂದಿ ಧರ್ಮಶಾಸ್ತ್ರದ ದೊಡ್ಡ ಗುರುಗಳಲ್ಲಿ ಒಬ್ಬ. ಅವನು ಹೇಳಿದ ನೀತಿಮಾತು ಇವತ್ತಿಗೂ ಯಹೂದಿ ಮಕ್ಕಳ ಪಾಠದಲ್ಲಿದೆ. ಆದರೆ ಜನಸಾಮಾನ್ಯರ ನಡುವೆ ಅವನು ಉಳಿದದ್ದು ಇನ್ನೊಂದು ರೀತಿಯಲ್ಲಿ, ಅದು ನನಗೆ ಹೆಚ್ಚು ಇಷ್ಟ.

ಇರಾಕಿನ ನಿಪ್ಪುರ್ ಎಂಬ ಹಳೇ ಪಟ್ಟಣವನ್ನು ಅಗೆದಾಗ ಮನೆಗಳ ನೆಲದಡಿ ಮಣ್ಣಿನ ಬಟ್ಟಲುಗಳು ಸಿಕ್ಕವು. ಹೆಚ್ಚಿನವು ಬೋರಲಾಗಿ ಹೂತಿಟ್ಟವು. ಒಳಗೆ ಸುರುಳಿ ಸುರುಳಿಯಾಗಿ ಅರಮಾಯಿಕ್ ಭಾಷೆಯ ಮಂತ್ರ. ಕ್ರಿಸ್ತಶಕ 5ರಿಂದ 7ನೇ ಶತಮಾನದ ಹೊತ್ತಿನವು. ಜೇಮ್ಸ್ ಮಾಂಟ್ಗೊಮರಿ ಎಂಬ ವಿದ್ವಾಂಸ 1913ರಲ್ಲಿ ಇವನ್ನು ಓದಿ ಪ್ರಕಟಿಸಿದರು. ಅವುಗಳಲ್ಲಿ ಕೆಲವು ಬಟ್ಟಲುಗಳ ಮೇಲೆ ಪೆರಹ್ಯನ ಮಗ ಯೆಹೋಶುವನ ಹೆಸರಿದೆ. ಮನೆಗೆ ಕಾಟ ಕೊಡುವ, ಎಳೆ ಮಕ್ಕಳಿಗೆ ಕೇಡು ಮಾಡುವ ಲಿಲಿತ್ ಎಂಬ ಹೆಣ್ಣು ಭೂತಕ್ಕೆ ಅವನ ಹೆಸರಿನಲ್ಲಿ ವಿಚ್ಛೇದನ ಪತ್ರ! ಗಂಡ ಹೆಂಡತಿಗೆ ಬರೆದುಕೊಡುವ ಹಾಗೆ, ಇನ್ನು ಈ ಮನೆಗೂ ನಿನಗೂ ಸಂಬಂಧ ಇಲ್ಲ, ಹೊರಡು ಅಂತ. ಸತ್ತು ಎಷ್ಟೋ ಶತಮಾನ ಆದಮೇಲೂ ಅವನ ರುಜುವಿಗೆ ಅಷ್ಟು ಬೆಲೆ. ನಮ್ಮಲ್ಲಿ ತಾಮ್ರದ ತಗಡಿನ ಯಂತ್ರವನ್ನು ಹೊಸಿಲ ಕೆಳಗೆ ಹೂಳುತ್ತಾರಲ್ಲ, ಅದೇ ಲೆಕ್ಕ. ಓದುಬರಹ ಬಾರದ ತಾಯಂದಿರೂ ಪೆರಹ್ಯ ಎಂಬ ಹೆಸರನ್ನು ಮಗುವಿನ ತೊಟ್ಟಿಲ ಕಾವಲಿಗೆ ಇಟ್ಟುಕೊಂಡಿದ್ದರು.

ಈಗ ಘಟ್ಟ ಇಳಿದು ಮಂಗಳೂರಿಗೆ ಬರೋಣ. ಅಬ್ರಹಾಂ ಬೆನ್ ಪೆರಹ್ಯ ಬೆನ್ ಯಿಜು. ಅಂದರೆ ಯಿಜು ಮನೆತನದ ಪೆರಹ್ಯನ ಮಗ ಅಬ್ರಹಾಂ. ಹುಟ್ಟೂರು ಇಂದಿನ ಟುನೀಶಿಯಾದ ಮಹ್ದಿಯಾ. ಅಲ್ಲಿಂದ ಈಜಿಪ್ಟ್, ಏಡನ್ ದಾಟಿ ಮಂಗಳೂರಿಗೆ ಬಂದು ಸುಮಾರು 17 ವರ್ಷ ಈ ಕರಾವಳಿಯಲ್ಲಿದ್ದ. 1132ರ ಅಕ್ಟೋಬರ್ 17ರಂದು ಮಂಗಳೂರಿನಲ್ಲಿ ಬರೆದ ಒಂದು ಪತ್ರ ಸಿಕ್ಕಿದೆ. ಆಶು ಎಂಬ ದಾಸಿಯನ್ನು ಅವನು ಬಿಡುಗಡೆ ಮಾಡಿದ ದಾಖಲೆ ಅದು. ಅವಳಿಗೆ ಆವತ್ತು ಹೊಸ ಹೆಸರು ಬಂತು, ಬೆರಾಖಾ ಅಂತ. ಆಶೀರ್ವಾದ ಎಂದರ್ಥ. ಅವಳೇ ಅವನ ಹೆಂಡತಿ, ಅವನ ಮಕ್ಕಳ ತಾಯಿ ಎನ್ನುವುದು ವಿದ್ವಾಂಸರ ಅಭಿಪ್ರಾಯ.

ಮಂಗಳೂರಿನಿಂದ ಅವನು ಕಳಿಸುತ್ತಿದ್ದದ್ದು ಕರಿಮೆಣಸು, ಅಡಿಕೆ, ಕಬ್ಬಿಣ. ಕಂಚಿನ ಪಾತ್ರೆಯ ಕಾರ್ಖಾನೆಯೂ ಇತ್ತು. ಏಡನ್ನಿನ ಗೆಳೆಯರು ಒಡೆದ ಪಾತ್ರೆ ಕಳಿಸಿ, ಕರಗಿಸಿ ಇಂಥಿಂಥ ಅಳತೆಯಲ್ಲಿ ಹೊಸತು ಮಾಡಿಸಿಕೊಡು ಅಂತ ಬರೆಯುತ್ತಿದ್ದರು. ಅಲ್ಲಿಂದ ಅವನಿಗೆ ಬರುತ್ತಿದ್ದದ್ದು ಸಕ್ಕರೆ, ಒಣದ್ರಾಕ್ಷಿ ಮತ್ತು ಬಹಳ ಮುಖ್ಯವಾಗಿ ಕಾಗದ. ಆ ಕಾಗದವನ್ನು ಅವನು ಎಷ್ಟು ಜೋಪಾನ ಮಾಡುತ್ತಿದ್ದ ಅಂದರೆ, ಬಂದ ಪತ್ರದ ಖಾಲಿ ಜಾಗದಲ್ಲೇ ತನ್ನ ಲೆಕ್ಕ ಬರೆದುಕೊಳ್ಳುತ್ತಿದ್ದ.

ಇಷ್ಟೆಲ್ಲ ನಮಗೆ ಹೇಗೆ ಗೊತ್ತು? ಮಂಗಳೂರಿನಲ್ಲಿ ಅವನ ಒಂದು ತುಂಡು ಕಾಗದವೂ ಉಳಿದಿಲ್ಲ. ಉಳಿಯುವುದಾದರೂ ಹೇಗೆ? ನಮ್ಮ ಕಡೆ ಮಳೆಗಾಲದಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಗೇ ಬೂಷ್ಟು ಹಿಡಿಯುತ್ತದೆ. ಮಂಗಳೂರಿನ ಸೆಖೆ, ಉಪ್ಪುಗಾಳಿ ಬೇರೆ. ಅವನು ದೇಶ ಬಿಡುವಾಗ ಹಳೇ ಕಾಗದಗಳನ್ನೂ ಹೊತ್ತುಕೊಂಡು ಹೋದ. ಕೊನೆಗೆ ಅವು ಸೇರಿದ್ದು ಹಳೇ ಕೈರೋದ ಫುಸ್ತಾತ್‌ನಲ್ಲಿದ್ದ ಬೆನ್ ಎಜ್ರಾ ಸಿನಗಾಗ್‌ನ ಗೆನಿಜಾ ಎಂಬ ಕತ್ತಲೆ ಕೋಣೆಗೆ. ದೇವರ ಹೆಸರು ಬರೆದಿರಬಹುದಾದ ಯಾವ ಕಾಗದವನ್ನೂ ಬಿಸಾಡಬಾರದು ಅನ್ನುವುದು ಯಹೂದಿಗಳ ಪದ್ಧತಿ. ಹಾಗಾಗಿ ಹೀಬ್ರೂ ಅಕ್ಷರ ಇರುವ ಚೀಟಿ, ರಸೀದಿ, ಮದುವೆ ಪಟ್ಟಿ, ಬೈಗುಳದ ಪತ್ರ ಎಲ್ಲ ಆ ಕೋಣೆಗೆ ಬಿದ್ದವು. ಈಜಿಪ್ಟಿನ ಒಣಹವೆ ಅವನ್ನು ಕಾಪಾಡಿತು. 1896ರ ಕೊನೆಯಲ್ಲಿ ಸಾಲೊಮನ್ ಶೆಕ್ಟರ್ ಎಂಬ ಪಂಡಿತ ಕೈರೋಗೆ ಹೋಗಿ ಕೇಂಬ್ರಿಜ್‌ಗೆ ತಂದ ಚೂರುಗಳೇ 1 ಲಕ್ಷ 90 ಸಾವಿರಕ್ಕೂ ಹೆಚ್ಚು. ಎಸ್. ಡಿ. ಗೊಯ್ಟೈನ್ ಎಂಬ ವಿದ್ವಾಂಸ ಅದರಲ್ಲಿ ಹಿಂದೂಸ್ತಾನದ ವ್ಯಾಪಾರದ ಪತ್ರಗಳನ್ನು ಹೆಕ್ಕಿ ಓದುವುದರಲ್ಲಿ ದಶಕಗಳನ್ನೇ ಕಳೆದರು. ನಮ್ಮಂಥವರಿಗೆ ಈ ಕಥೆ ತಲುಪಿದ್ದು ಅಮಿತಾವ್ ಘೋಷ್ 1992ರಲ್ಲಿ ಬರೆದ 'ಇನ್ ಆ್ಯನ್ ಆ್ಯಂಟಿಕ್ ಲ್ಯಾಂಡ್' ಪುಸ್ತಕದಿಂದ.

ಪೆರಹ್ಯ ಅನ್ನುವ ಹೆಸರಿನೊಳಗೇ ದೇವರ ಹೆಸರಿದೆ ಅಂದೆನಲ್ಲ. ಅಬ್ರಹಾಂ ತನ್ನ ಅಪ್ಪನ ಹೆಸರು ಬರೆದಾಗೆಲ್ಲ ಯಾಹ್ ಅಂತಲೂ ಬರೆದ ಹಾಗಾಯಿತು. ಅಡಿಕೆ ಲೆಕ್ಕದ ಚೀಟಿಯಾದರೇನು, ಬಿಸಾಡುವ ಹಾಗಿಲ್ಲ!

1148ರಲ್ಲಿ ಸಿಸಿಲಿಯ ರಾಜ ಎರಡನೇ ರೋಜರನ ಸೈನ್ಯ ಮಹ್ದಿಯಾವನ್ನು ಹಿಡಿಯಿತು. ಅಬ್ರಹಾಮನ ಅಣ್ಣತಮ್ಮಂದಿರು ಇದ್ದಬದ್ದದ್ದನ್ನು ಬಿಟ್ಟು ಚದುರಿಹೋದರು. 1149ರಲ್ಲಿ ಅವನು ಮಕ್ಕಳನ್ನು ಕರೆದುಕೊಂಡು ಏಡನ್ನಿಗೆ ಹೋಗಿ, ಅಲ್ಲಿಂದ ಮನೆಯವರಿಗೆ ಪತ್ರ ಬರೆದ. ನಿಮ್ಮಲ್ಲಿ ಯಾರಾದರೂ ಬನ್ನಿ, ನಾನು ಗಳಿಸಿದ್ದನ್ನು ಹಂಚಿಕೊಳ್ಳೋಣ ಅನ್ನುವ ಅರ್ಥದ ಪತ್ರ. ಅದಾದಮೇಲೆ ಅವನ ಮಗ ಏಡನ್ನಿನಲ್ಲೇ ತೀರಿಕೊಂಡ. ಉಳಿದವಳು ಒಬ್ಬಳೇ ಮಗಳು, ಸಿತ್ ಅಲ್ ದಾರ್. ಮನೆಯೊಡತಿ ಅಂತ ಅರ್ಥ. ಏಡನ್ನಿನ ಒಬ್ಬ ದೊಡ್ಡ ವ್ಯಾಪಾರಿ ತನ್ನ ಮಗನಿಗೆ ಅವಳನ್ನು ಕೇಳಿದ. ಅಬ್ರಹಾಂ ಒಪ್ಪಲಿಲ್ಲ. ಸಿಸಿಲಿಯಲ್ಲಿ ನಿರ್ಗತಿಕನಾಗಿದ್ದ ತಮ್ಮ ಯೋಸೆಫನ ಮಗನಿಗೇ ಕೊಡುತ್ತೇನೆ ಅಂತ ಹಟ ಹಿಡಿದ. 1156ರಲ್ಲಿ ಫುಸ್ತಾತ್‌ನಲ್ಲಿ ಆ ಮದುವೆ ಆಯಿತು. ಈ ಕರಾವಳಿಯಲ್ಲಿ ಹುಟ್ಟಿದ ಹುಡುಗಿಯ ಕೈಹಿಡಿದವನ ಹೆಸರೇನು ಗೊತ್ತಾ? ಪೆರಹ್ಯ.

ಅಜ್ಜನ ಹೆಸರು ಮೊಮ್ಮಗನಿಗೆ. ಯುರೋಪಿನ ಅಶ್ಕೆನಾಜಿ ಯಹೂದಿಗಳು ಬದುಕಿರುವವರ ಹೆಸರನ್ನು ಮಗುವಿಗೆ ಇಡುವುದಿಲ್ಲ. ಆದರೆ ಮೆಡಿಟರೇನಿಯನ್ ಸುತ್ತಲಿನ ಯಹೂದಿಗಳಲ್ಲಿ ಅಜ್ಜ ಇರಲಿ ಇಲ್ಲದಿರಲಿ, ಮೊಮ್ಮಗ ಅವನ ಹೆಸರನ್ನೇ ಹೊರುವುದು ವಾಡಿಕೆ. ನಮ್ಮ ಹಳ್ಳಿಗಳಲ್ಲೂ ಇದೇ ತಾನೆ? ಅಬ್ರಹಾಮನ ಹಟ ನನಗೆ ಅರ್ಥವಾಗುವುದು ಇಲ್ಲಿ. ಊರು ಹೋಗಿತ್ತು, ಮಗ ಹೋಗಿದ್ದ, ಮಂಗಳೂರೂ ಹಿಂದೆ ಉಳಿಯಿತು. ದುಡ್ಡಿಗೆ ಕಡಿಮೆ ಇರಲಿಲ್ಲ. ಮನೆಯೊಳಗೆ ಅಪ್ಪನ ಹೆಸರನ್ನು ಕೂಗಿ ಕರೆಯುವ ಅವಕಾಶ ಮಾತ್ರ ಆ ಒಬ್ಬ ಬಡ ಹುಡುಗನ ಹತ್ತಿರ ಇತ್ತು.

ಅದೇ ಕಾಗದಗಳಲ್ಲಿ ಇನ್ನೊಂದು ಹೆಸರಿದೆ, ನಮ್ಮವನದು. ಮಂಗಳೂರಿನಲ್ಲಿ ಅಬ್ರಹಾಮನಿಗೆ ಒಬ್ಬ ಆಳು ಇದ್ದ. ಮಾಲೀಕನ ಸರಕು, ಹಣ ತೆಗೆದುಕೊಂಡು ಏಡನ್ನಿನವರೆಗೂ ಹೋಗಿಬರುವಷ್ಟು ನಂಬಿಕೆಯವನು. ಒಂದು ಸಲ ಅಲ್ಲಿ ಕುಡಿದು ಗಲಾಟೆ ಮಾಡಿ ದುಡ್ಡು ಕೇಳಿದ ಅಂತ ಅಲ್ಲಿಯ ವ್ಯಾಪಾರಿ ಮದ್ಮೂನ್ ದೂರು ಬರೆದಿದ್ದಾನೆ. 1148ರಲ್ಲಿ ಇನ್ನೊಬ್ಬ ಗೆಳೆಯ ಖಲಫ್, ಪತ್ರದ ಕೊನೆಗೆ ಈ ಆಳಿಗೂ ನಮಸ್ಕಾರ ತಿಳಿಸು ಅಂತ ಸೇರಿಸಿದ್ದಾನೆ. ಅವನ ಹೆಸರು ಹೀಬ್ರೂ ಅಕ್ಷರದಲ್ಲಿ ಮೂರೇ ಮೂರು: ಬ, ಮ, ಹ.

ಹೀಬ್ರೂ, ಅರಬ್ಬಿ ಬರಹದಲ್ಲಿ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ. ಓದುವವನಿಗೆ ಭಾಷೆ ಗೊತ್ತಿರುವುದರಿಂದ ತುಂಬಿಕೊಳ್ಳುತ್ತಾನೆ. ನಾವು ಫೈಲನ್ನು ಕಂಪ್ರೆಸ್ ಮಾಡಿ ಕಳಿಸಿದ ಹಾಗೆ. ಬಿಚ್ಚುವ ಉಪಾಯ ಆ ಕಡೆಯವರಿಗೆ ಗೊತ್ತಿರಬೇಕು. ಅಬ್ರಹಾಂ ಅಂದರೆ ಎಲ್ಲರಿಗೂ ಗೊತ್ತು, ತೊಂದರೆ ಇಲ್ಲ. ಪೆರಹ್ಯ ಅಪರೂಪದ್ದಾದರೂ ಶಾಸ್ತ್ರಗ್ರಂಥಗಳಲ್ಲಿದೆ. ಆದರೆ ತುಳುನಾಡಿನ ಒಬ್ಬ ಆಳಿನ ಹೆಸರನ್ನು ಕೇಂಬ್ರಿಜ್‌ನಲ್ಲಿ, ಜೆರುಸಲೇಮಿನಲ್ಲಿ ಬಿಚ್ಚುವವರು ಯಾರು? 'ಬಾಮ' ಅಂತ ಓದಿದರು. ಬ್ರಹ್ಮ ಎಂಬುದರ ಆಡುರೂಪ ಇರಬೇಕು ಅಂತ ಊಹಿಸಿದರು. ಘೋಷ್ ಮಂಗಳೂರಿಗೆ ಬಂದು ವಿದ್ವಾಂಸ ಬಿ. ಎ. ವಿವೇಕ ರೈ ಅವರನ್ನು ವಿಚಾರಿಸಿದಾಗ ಬೀಗ ತೆರೆಯಿತು: ಬೊಮ್ಮ!

ನಮಗೆ ಇದೇನು ದೊಡ್ಡ ಒಗಟಲ್ಲ. ಬ್ರಹ್ಮ ಕನ್ನಡದ ಬಾಯಲ್ಲಿ ಬೊಮ್ಮ ಆಗುವುದು ಹೈಸ್ಕೂಲಿನ ತತ್ಸಮ ತದ್ಭವದ ಪಾಠ. ಅದೇ 12ನೇ ಶತಮಾನದಲ್ಲಿ ಘಟ್ಟದ ಮೇಲೆ ಕಲ್ಯಾಣದಲ್ಲಿ ಕಿನ್ನರಿ ಬೊಮ್ಮಯ್ಯ ಎಂಬ ಶರಣ ಇದ್ದ. ಆ ಕಾಲದಲ್ಲಿ ಅದು ನಮ್ಮಲ್ಲಿ ಚಾಲ್ತಿಯಲ್ಲಿದ್ದ ಹೆಸರು. ಆದರೂ ಒಂದು ಹೆಸರು ತನ್ನದೇ ಸ್ವರಗಳನ್ನು ವಾಪಸು ಪಡೆಯಲಿಕ್ಕೆ 800 ವರ್ಷಕ್ಕಿಂತ ಹೆಚ್ಚು ಕಾಯಬೇಕಾಯಿತು. ಅಬ್ರಹಾಮನ ವಂಶ ಮೂರು ತಲೆಮಾರು ಗೊತ್ತು. ಬೊಮ್ಮನ ಅಪ್ಪ ಯಾರು, ಮಕ್ಕಳಿದ್ದರಾ, ಅವರಿಗೆ ಯಾರ ಹೆಸರಿಟ್ಟ, ಒಂದೂ ಬರೆದಿಲ್ಲ. ಇವನ ಹೆಸರು ಉಳಿದದ್ದು ಇನ್ನೊಬ್ಬರ ಲೆಕ್ಕದ ಪುಸ್ತಕದಲ್ಲಿ, ಇನ್ನೊಬ್ಬರಿಗೆ ಕೇಳಿಸಿದ ಹಾಗೆ.

ಈಗ ಜನಪ್ರಿಯತೆಯ ಮಾತು. ಪೆರಹ್ಯ ಯಾವತ್ತೂ ಯೋಸೆಫ್, ಅಬ್ರಹಾಮನಷ್ಟು ಓಡಿದ ಹೆಸರಲ್ಲ. ಕಾಲ ಹೋದ ಹಾಗೆ ಅದು ಜಾಗ ಬದಲಾಯಿಸಿತು: ಕರೆಯುವ ಹೆಸರಾಗಿದ್ದದ್ದು ಮನೆತನದ ಹೆಸರಾಯಿತು. ಗ್ರೀಸಿನ ಸಲೋನಿಕಾ ಪಟ್ಟಣದ ಯಹೂದಿಗಳಲ್ಲಿ ಪೆರಹಿಯಾ ಎಂಬ ಮನೆತನಗಳಿದ್ದವು. 1943ರಲ್ಲಿ ನಾಜಿಗಳು ಆ ಪಟ್ಟಣದ 40 ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು ರೈಲಿಗೆ ತುಂಬಿ ಔಶ್ವಿಟ್ಜ್‌ಗೆ ಸಾಗಿಸಿದರು. ಹೋದವರಲ್ಲಿ ಬಹುತೇಕ ಯಾರೂ ವಾಪಸು ಬರಲಿಲ್ಲ. ಹೆಸರುಗಳೂ ಅವರ ಜೊತೆ ಹೋದವು. ಇವತ್ತು ಈ ಹೆಸರನ್ನು ಜಗತ್ತು ಕೇಳಿದ್ದರೆ ಅದು ಮರ್ರೇ ಪೆರಹಿಯಾ ಅವರಿಂದ. 1947ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ದೊಡ್ಡ ಪಿಯಾನೋ ವಾದಕ. ಅವರ ತಂದೆ ಸಲೋನಿಕಾದಿಂದ ಅಮೆರಿಕಕ್ಕೆ ವಲಸೆ ಹೋದವರು. ಬಾಕ್, ಮೊಜಾರ್ಟ್ ಕೇಳುವವರ ಮನೆಯ ಸಿ.ಡಿ. ಕವರಿನ ಮೇಲೆ 'ದೇವರ ಹೂವು' ಕೂತಿದೆ. ಮುಂದೆ ಇದ್ದದ್ದು ಹಿಂದಕ್ಕೆ ಸರಿದು ಉಳಿದುಕೊಂಡಿದೆ.

ಕೊಡಗಿನಲ್ಲಿ ಇದೇ ಈಗ ನಮ್ಮ ಕಣ್ಣೆದುರು ನಡೆಯುತ್ತಿದೆ. ರೋಹನ್ ಬೋಪಣ್ಣ, ರಾಬಿನ್ ಉತ್ತಪ್ಪ, ಅಶ್ವಿನಿ ಪೊನ್ನಪ್ಪ. ನಾವೆಲ್ಲ ಎದೆಯುಬ್ಬಿಸಿ ಹೇಳುವ ಹೆಸರುಗಳು. ಗಮನಿಸಿ, ಬೋಪಣ್ಣ, ಉತ್ತಪ್ಪ, ಪೊನ್ನಪ್ಪ ಮೂರೂ ಒಂದು ಕಾಲಕ್ಕೆ ಅಂಗಳದಲ್ಲಿ ನಿಂತು ಕೂಗುವ ಹೆಸರುಗಳು. ಈಗ ಹಿಂದಿನ ಸೀಟಿಗೆ ಹೋಗಿವೆ. ತೊಟ್ಟಿಲಲ್ಲಿರುವ ಮಗುವನ್ನು ಉತ್ತಪ್ಪ ಅಂತ ಕರೆಯುವ ಮನೆ ಈಗ ಎಷ್ಟಿವೆ?

ನಮ್ಮ ಅಕ್ಕನ ಮಗನಿಗೆ ಹೆಸರಿಡುವಾಗ ಮನೆಯಲ್ಲಿ ಒಂದು ವಾರ ಇದೇ ರಗಳೆ. ಭಾವನ ತಾತನ ಹೆಸರು ಪೂವಯ್ಯ. ಅವರ ಅಮ್ಮನಿಗೆ ಅದೇ ಬೇಕು. ಅಕ್ಕನಿಗೆ ಎರಡಕ್ಷರದ, ಕ್ಲಾಸಲ್ಲಿ ಇನ್ನೊಬ್ಬನಿಗೆ ಇರದ ಹೆಸರು ಬೇಕು. "ಅಲ್ಲ ಕಣೋ, ಬೆಂಗಳೂರಿನ ಶಾಲೆಯಲ್ಲಿ ಪೂವಯ್ಯ ಅಂದ್ರೆ ಮಕ್ಕಳು ಆಡಿಕೊಳ್ಳಲ್ವಾ?" ಅಂತ ನನ್ನನ್ನೇ ಕೇಳಿದಳು. ಅವಳ ಭಯ ಸುಳ್ಳೇನಲ್ಲ. ಹಳ್ಳಿಯ ಹೆಸರು ಹೊತ್ತು ಪೇಟೆಯ ಕಾಲೇಜಿಗೆ ಹೋದವರಿಗೆಲ್ಲ ಗೊತ್ತು ಅದು. ಕೊನೆಗೆ ಮಗುವಿಗೆ ಹೊಸ ಹೆಸರೇ ಆಯಿತು, ಪೂವಯ್ಯ ಅದರ ಹಿಂದೆ 'ಪಿ' ಎಂಬ ಇನಿಷಿಯಲ್ ಆಗಿ ಉಳಿಯಿತು. ಬೊಮ್ಮನಿಗೆ ಮೂರಕ್ಷರವಾದರೂ ಇತ್ತು. ಇವನ ಮುತ್ತಾತನಿಗೆ ಒಂದೇ. ಅದೂ ಇಂಗ್ಲಿಷಿನಲ್ಲಿ. ನಾಳೆ ಯಾರಾದರೂ ಈ 'ಪಿ' ಏನು ಅಂತ ಕೇಳಿದರೆ ಪೊನ್ನಪ್ಪ ಇರಬಹುದು, ಪೂಣಚ್ಚ ಇರಬಹುದು, ಪಳಂಗಪ್ಪ ಇರಬಹುದು.

ಭಾವನ ಅಮ್ಮ ಮಾತ್ರ ಸೋಲಲಿಲ್ಲ. ಮಗು ಅತ್ತಾಗೆಲ್ಲ ತೊಡೆಯ ಮೇಲೆ ಹಾಕಿಕೊಂಡು "ಬಾ ನನ್ನ ಪೂವಯ್ಯ" ಅಂತಲೇ ಕರೆಯುವುದು. ಹುಡುಗನಿಗೆ ಈಗ ಎರಡೂ ಹೆಸರಿಗೆ ತಿರುಗಿ ನೋಡುವುದು ಅಭ್ಯಾಸವಾಗಿದೆ. ಯಾವ ಫಾರ್ಮಿನಲ್ಲೂ ಆ ಎರಡನೆಯದನ್ನು ತುಂಬುವ ಖಾನೆ ಇಲ್ಲ. ಆದರೆ ಹೆಸರು ನಿಜವಾಗಿ ಬದುಕುವುದು ಯಾರಾದರೂ ಕೂಗಿ, ಯಾರಾದರೂ ಓಗೊಟ್ಟಾಗಲೇ.

ನನ್ನ ಕೆಲಸದಲ್ಲಿ ಹೆಸರಿನ ಪಟ್ಟಿಗಳು ದಿನಾ ಎದುರಾಗುತ್ತವೆ. ಒಬ್ಬನೇ ಮನುಷ್ಯ ಒಂದು ಪಟ್ಟಿಯಲ್ಲಿ ಯೂಸುಫ್, ಇನ್ನೊಂದರಲ್ಲಿ ಯೂಸಫ್. ಕಂಪ್ಯೂಟರಿನ ಲೆಕ್ಕಕ್ಕೆ ಇಬ್ಬರು. 2019ರ ಆಗಸ್ಟಿನಲ್ಲಿ ಕಾವೇರಿ ಉಕ್ಕಿ ನಮ್ಮೂರಿನ ಹೊಳೆ ಬದಿಯ ಮನೆಗಳಿಗೆ ನುಗ್ಗಿದಾಗ ಇದು ಬರೀ ಕಂಪ್ಯೂಟರಿನ ಮಾತಾಗಿ ಉಳಿಯಲಿಲ್ಲ. ನೀರಿಳಿದ ಮೇಲೆ ಜನ ರೇಷನ್ ಕಾರ್ಡು, ಬ್ಯಾಂಕ್ ಪುಸ್ತಕಗಳನ್ನು ಬಿಸಿಲಿಗೆ ಹರವಿ ಒಣಗಿಸುತ್ತಿದ್ದರು. ಅಳಿದುಳಿದ ಎರಡು ಕಾಗದಗಳಲ್ಲಿ ಹೆಸರಿನ ಒಂದು ಅಕ್ಷರ ಹೊಂದದಿದ್ದರೆ, ಆ ಮನೆಯಲ್ಲಿದ್ದವನು ನಾನೇ ಅಂತ ಸಾಬೀತು ಮಾಡಲು ಅಲೆಯಬೇಕು. ಗೆನಿಜಾ ನಮ್ಮ ಕಡೆ ಇದ್ದಿದ್ದರೆ ಒಂದೇ ಮಳೆಗಾಲಕ್ಕೆ ಮುಗಿದುಹೋಗುತ್ತಿತ್ತು ಅಂತ ನಾನು ಹೇಳುವುದು ಅದಕ್ಕೇ.

ಒಂದು ಅನುಕೂಲ ಮಾತ್ರ ನಮಗಿದೆ. ಕನ್ನಡ ಲಿಪಿಯಲ್ಲಿ ಸ್ವರ ಬಿಟ್ಟುಹೋಗುವುದಿಲ್ಲ. ಬೊಮ್ಮ ಅಂತ ಬರೆದರೆ ಬೊಮ್ಮನೇ, ಬಾಮ ಆಗಲಾರ. ಒತ್ತಕ್ಷರ, ದೀರ್ಘ, ಹ್ರಸ್ವ ಎಲ್ಲ ಬಾಯಲ್ಲಿ ಇದ್ದ ಹಾಗೇ ಕಾಗದಕ್ಕೆ ಬರುತ್ತದೆ. ಇಂಗ್ಲಿಷಿನ ನಾಲ್ಕಕ್ಷರದಲ್ಲಿ ಬರೆದಿಟ್ಟರೆ ನಾಳೆ ಅದನ್ನು ಬಿಚ್ಚಲಿಕ್ಕೆ ಮತ್ತೊಬ್ಬ ವಿವೇಕ ರೈ ಅವರನ್ನು ಹುಡುಕಬೇಕು. ನಿಮ್ಮ ಮನೆಯಲ್ಲಿ ಅಜ್ಜಿ ಇದ್ದರೆ ಈ ಭಾನುವಾರ ಕೂತು ಅವರ ಅಮ್ಮನ ಹೆಸರು, ಅವರ ಅಜ್ಜಿಯ ಹೆಸರು ಕೇಳಿ, ಅವರು ಹೇಳಿದ ಹಾಗೇ ಕನ್ನಡದಲ್ಲಿ ಬರೆದುಕೊಳ್ಳಿ. ಗಂಡಸರ ಹೆಸರು ಜಮೀನಿನ ಕಾಗದದಲ್ಲಾದರೂ ಇರುತ್ತದೆ. ಹೆಂಗಸರದ್ದು ಎಷ್ಟೋ ಮನೆಗಳಲ್ಲಿ ಮೂರನೆಯ ತಲೆಮಾರಿಗೆ ಮುಗಿದುಹೋಗುತ್ತದೆ.

ನಮ್ಮಪ್ಪ ಕಾಫಿ ತೋಟದಲ್ಲಿ ರೈಟ್ರಾಗಿದ್ದವರು. ದಿನಾ ಬೆಳಿಗ್ಗೆ ಚೆಕ್‌ರೋಲಿನಲ್ಲಿ ಆಳುಗಳ ಹೆಸರು ಬರೆಯುವುದು ಅವರ ಕೆಲಸ. ಯರವರು, ಕುರುಬರು, ತಮಿಳರು, ಮಲಯಾಳಿಗಳು, ಎಲ್ಲರ ಹೆಸರೂ ಅಪ್ಪನ ಕಿವಿಗೆ ಕೇಳಿಸಿದ ಹಾಗೆ, ದುಂಡನೆಯ ಕನ್ನಡದಲ್ಲಿ. ಹೆಸರಿನ ಮುಂದೆ ಹಾಜರಿ, ಕೂಲಿ, ಮುಂಗಡ. ಆ ಹೆಸರಿನವರಲ್ಲಿ ಹಲವರು ಇವತ್ತು ಇಲ್ಲ. ಅವರ ಮಕ್ಕಳು ಎಲ್ಲಿದ್ದಾರೋ. ಅಪ್ಪ ಮನೆಗೆ ತಂದಿಟ್ಟುಕೊಂಡಿದ್ದ ಹಳೇ ನೋಟುಪುಸ್ತಕಗಳು ಎರಡಿವೆ, ಒಂದರ ಮೂಲೆಯನ್ನು ಗೆದ್ದಲು ತಿಂದಿದೆ. ಹೋದ ರಜೆಯಲ್ಲಿ ಒಂದೊಂದೇ ಪುಟ ಫೋಟೋ ತೆಗೆದು, ಹೆಸರುಗಳನ್ನು ಟೈಪ್ ಮಾಡಲಿಕ್ಕೆ ಶುರುಮಾಡಿದ್ದೇನೆ. ಅಪ್ಪ ಪಕ್ಕದಲ್ಲಿ ಕೂತು, ಇದು ಚೋಮ ಅಲ್ಲ, ಚೋಮಿ, ಹೆಂಗಸು, ಹೊಳೆ ಆಚೆ ಲೈನ್ ಮನೆಯಲ್ಲಿದ್ದಳು, ಅಂತ ತಿದ್ದುತ್ತಾರೆ. ಇನ್ನೂ 60 ಪುಟ ಬಾಕಿ ಇದೆ.